ಓದುಗರು ಕೇಳಿದ್ದು: ಜಾನ್ಸನ್ ಸಂಪುಟ, ಊಹೆಯ ಪಟ್ಟಿ ಮತ್ತು ಅಕ್ಟೋಬರ್ 31

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಸದಸ್ಯರು ಜುಲೈ 23, 2019ರಂದು ಬೋರಿಸ್ ಜಾನ್ಸನ್ ಅವರನ್ನು ನಾಯಕರನ್ನಾಗಿ ಆರಿಸಿದರು. ಮರುದಿನ ಅವರು ಪ್ರಧಾನಿಯಾದರು. ಅದೇ ರಾತ್ರಿ ಹಿಂದಿನ ಪ್ರಧಾನಿ ತೆರೆಸಾ ಮೇ ಸಂಪುಟದ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿದ್ದರು. ಬ್ರಿಟನ್ ಯುರೋಪ್ ಒಕ್ಕೂಟ ಬಿಡುವುದಕ್ಕೆ, ಅಂದರೆ ಬ್ರೆಕ್ಸಿಟ್‌ಗೆ, ಆಗ ಇದ್ದ ಗಡುವು ಅಕ್ಟೋಬರ್ 31. ಈ ಬಗ್ಗೆ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳಿಗೆ 2019ರ ಆಗಸ್ಟ್ ನಡುವಿನ ಸಂಚಿಕೆಯಲ್ಲಿ ಕೊಟ್ಟ ಉತ್ತರ ಇಲ್ಲಿದೆ. ಹುದ್ದೆ, ದರ, ನಿಯಮಗಳೆಲ್ಲ ಆಗಿನವು.

ಪ್ರಮಾಣವಚನಕ್ಕೆ ಮೊದಲೇ ಪತ್ರಿಕೆಗಳಲ್ಲಿ ‘ಸಂಭವನೀಯ ಸಂಪುಟ’ ಬಂದಿತ್ತು. ಅದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಇಂಥ ಪಟ್ಟಿ ತಯಾರಾಗುವುದು ಹೇಗೆ? ನಂಬಬಹುದೆ?
— ಓದುಗರು, ಹಾವೇರಿ

ಪಟ್ಟಿಗೆ ಹೆಸರು ಬರುವುದು ಮೂರು ಕಡೆಯಿಂದ. ಗೆಲ್ಲಲಿರುವವರ ಪ್ರಚಾರ ತಂಡದಿಂದ ಬರುವುದು ಒಂದು. ತನ್ನ ಹೆಸರನ್ನು ತಾನೇ ತೇಲಿಬಿಡುವ ಸಂಸದರಿಂದ ಬರುವುದು ಇನ್ನೊಂದು. ಉಳಿದ ಜಾಗಕ್ಕೆ ವರದಿಗಾರರು ಲೆಕ್ಕ ಹಾಕಿ ತುಂಬುವುದು ಮೂರನೆಯದು. ಮೊದಲನೆಯದು ಸಾಮಾನ್ಯವಾಗಿ ಸರಿ ಇರುತ್ತದೆ. ಎರಡನೆಯದನ್ನು ನೋಡಿ ನಕ್ಕು ಮುಂದೆ ಹೋಗಬಹುದು.

ತಪ್ಪುವುದು ಎಲ್ಲಿ ಎಂದರೆ, ಸಂಪುಟ ರಚನೆ ಕುರ್ಚಿಗಳ ಸರಪಳಿ. ಒಬ್ಬರು ‘ಒಲ್ಲೆ’ ಎಂದರೆ ಹಿಂದಿನ ನಾಲ್ಕು ಹೆಸರು ಜರುಗುತ್ತವೆ. ಈ ಸಲ ಜೆರೆಮಿ ಹಂಟ್ ವಿಷಯದಲ್ಲಿ ಹಾಗೇ ಆಯಿತು. ನಾಯಕತ್ವದ ಕೊನೆಯ ಸುತ್ತಿನಲ್ಲಿ 46,656 ಮತ ಪಡೆದು ಸೋತ ಹಂಟ್‌ಗೆ ವಿದೇಶಾಂಗ ಖಾತೆಯಲ್ಲೇ ಉಳಿಯುವ ಆಸೆ ಇತ್ತು. ಜಾನ್ಸನ್ ಕೊಡಲು ಬಂದದ್ದು ರಕ್ಷಣಾ ಖಾತೆ. ಹಂಟ್ ಬೇಡವೆಂದು ಹೊರನಡೆದರು, ರಕ್ಷಣೆ ಬೆನ್ ವಾಲೆಸ್ ಪಾಲಾಯಿತು. ಖಜಾನೆಗೆ ಸಾಜಿದ್ ಜಾವಿದ್, ಲಿಜ್ ಟ್ರಸ್, ಮ್ಯಾಟ್ ಹ್ಯಾನ್‌ಕಾಕ್ ಎಂದು ಮೂರು ಹೆಸರು ಓಡಾಡುತ್ತಿದ್ದವು. ಸಿಕ್ಕಿದ್ದು ಜಾವಿದ್‌ಗೆ. ಟ್ರಸ್‌ಗೆ ಅಂತರರಾಷ್ಟ್ರೀಯ ವ್ಯಾಪಾರ. ಹ್ಯಾನ್‌ಕಾಕ್ ಇದ್ದ ಆರೋಗ್ಯ ಖಾತೆಯಲ್ಲೇ ಉಳಿದರು.

ಸ್ವಂತ ಪಕ್ಷದವರೇ ಎಡವಿದ್ದೂ ಉಂಟು. 2018ರ ಜನವರಿಯ ಪುನಾರಚನೆಯಂದು ಕನ್ಸರ್ವೇಟಿವ್ ಪಕ್ಷದ ಟ್ವಿಟರ್ ಖಾತೆಯಿಂದಲೇ ಕ್ರಿಸ್ ಗ್ರೇಲಿಂಗ್ ಅವರಿಗೆ ‘ಪಕ್ಷದ ಅಧ್ಯಕ್ಷರಾದದ್ದಕ್ಕೆ ಅಭಿನಂದನೆ’ ಬಂತು. ಅರ್ಧ ನಿಮಿಷದೊಳಗೆ ಅಳಿಸಿದರು. ಅಧ್ಯಕ್ಷರಾದವರು ಬ್ರ್ಯಾಂಡನ್ ಲೂಯಿಸ್. ಅಂದೇ ಹಂಟ್ ಆರೋಗ್ಯ ಖಾತೆ ಬಿಟ್ಟೇಳಲು ಒಪ್ಪಲಿಲ್ಲ, ಜಸ್ಟಿನ್ ಗ್ರೀನಿಂಗ್ ಬೇರೆ ಖಾತೆಗೆ ಹೋಗುವ ಬದಲು ರಾಜೀನಾಮೆ ಕೊಟ್ಟರು. ಮೇ ಅವರ ಕೈ ಎಷ್ಟು ಬಡವಾಗಿದೆ ಎಂಬುದು ಇಡೀ ದೇಶಕ್ಕೆ ಕಂಡಿತು. ಜಾನ್ಸನ್ ಒಂದೇ ಸಂಜೆ ಇಷ್ಟು ಜನರನ್ನು ಕಿತ್ತುಹಾಕಿದ್ದರ ಹಿಂದೆ ಆ ದಿನದ ಪಾಠವೂ ಇರಬೇಕು.

ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಒಂದು ಗುರುತು ಇಟ್ಟುಕೊಳ್ಳಿ. ಕೊಕ್ ಕೊಡುವುದು ಸಾಮಾನ್ಯವಾಗಿ ಸಂಸತ್ ಭವನದೊಳಗಿನ ಪ್ರಧಾನಿ ಕೊಠಡಿಯಲ್ಲಿ. ಅಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ, ಮಾನ ಉಳಿಯುತ್ತದೆ. ಖಾತೆ ಸಿಗುವವರು ಪ್ರಧಾನಿ ನಿವಾಸವಾದ ಡೌನಿಂಗ್ ಸ್ಟ್ರೀಟಿನ 10ನೇ ಮನೆಯ ಮುಂಬಾಗಿಲಿಂದ ನಗುತ್ತಾ ಒಳಹೋಗುತ್ತಾರೆ. ಹಿರಿಯ ಮಂತ್ರಿಯೊಬ್ಬರು ಸಂಜೆ ಐದು ಗಂಟೆಗೆ ಸಂಸತ್ತಿನ ಕಡೆ ಹೊರಟರೆಂದರೆ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆಯಬಹುದು. ಪ್ರಕಟಣೆಯ ಕ್ರಮಕ್ಕೂ ಅರ್ಥವಿದೆ. ಖಜಾನೆ, ಗೃಹ, ವಿದೇಶಾಂಗ ಮೊದಲು ತೀರ್ಮಾನವಾಗಬೇಕು. ಅವು ನಿಲ್ಲದೆ ಕೆಳಗಿನದು ಯಾವುದೂ ನಿಲ್ಲುವುದಿಲ್ಲ.

ಬ್ರೆಕ್ಸಿಟ್ ಬೇಕು ಅನ್ನಾವ್ರನ್ನಷ್ಟ ತುಂಬ್ಯಾರ ಅಂತ ಪೇಪರಿನ್ಯಾಗ ಬಂದೈತಿ. ಖರೇನ?
— ಓದುಗರು, ಧಾರವಾಡ

ಪೂರ್ತಿ ಖರೆ ಅಲ್ಲ. 2016ರ ಜನಮತಗಣನೆಯಲ್ಲಿ ಯಾರು ಯಾವ ಕಡೆ ನಿಂತಿದ್ದರು ಎಂದು ಎಣಿಸಿ ನೋಡಿ. ಖಜಾನೆಯ ಜಾವಿದ್, ವ್ಯಾಪಾರದ ಟ್ರಸ್, ಆರೋಗ್ಯದ ಹ್ಯಾನ್‌ಕಾಕ್, ರಕ್ಷಣೆಯ ವಾಲೆಸ್, ಶಿಕ್ಷಣದ ಗ್ಯಾವಿನ್ ವಿಲಿಯಮ್ಸನ್, ಸಂಸ್ಕೃತಿ ಖಾತೆಯ ನಿಕಿ ಮಾರ್ಗನ್, ಪಿಂಚಣಿ ಖಾತೆಯ ಆಂಬರ್ ರಡ್ ಎಲ್ಲರೂ ಒಕ್ಕೂಟದಲ್ಲೇ ಉಳಿಯೋಣ ಎಂದವರು. ಗೃಹ ಸಚಿವೆ ಪ್ರೀತಿ ಪಟೇಲ್, ವಿದೇಶಾಂಗದ ಡೊಮಿನಿಕ್ ರಾಬ್, ಮೈಕೆಲ್ ಗೋವ್, ಜೇಕಬ್ ರೀಸ್-ಮಾಗ್ ಹೊರಬರೋಣ ಎಂದವರು.

ಹಾಗಾದರೆ ಜಾನ್ಸನ್ ಜರಡಿ ಹಿಡಿದದ್ದು ಯಾವುದಕ್ಕೆ? ಷರತ್ತು ಒಂದೇ: ಒಕ್ಕೂಟದ ಜತೆ ಒಪ್ಪಂದ ಆಗಲಿ ಬಿಡಲಿ, ಅಕ್ಟೋಬರ್ 31ಕ್ಕೆ ಹೊರಡಲು ಒಪ್ಪಬೇಕು. ಹಳೆಯ ಮತ ಯಾರೂ ಕೇಳಲಿಲ್ಲ. ಆಂಬರ್ ರಡ್ ಒಪ್ಪಂದವಿಲ್ಲದ ನಿರ್ಗಮನವನ್ನು ಬಲವಾಗಿ ವಿರೋಧಿಸಿದ್ದವರು. ಆ ದಾರಿಯೂ ತೆರೆದಿರಲಿ ಎಂದು ಒಪ್ಪಿದ ಮೇಲೆ ಅವರ ಕುರ್ಚಿ ಉಳಿಯಿತು. ಇನ್ನೊಂದೆಡೆ ಬ್ರೆಕ್ಸಿಟ್‌ಗೆ ಹಗಲಿರುಳು ದುಡಿದ ಲಿಯಾಮ್ ಫಾಕ್ಸ್, ಪೆನ್ನಿ ಮಾರ್ಡಂಟ್ ಇಬ್ಬರೂ ಹೊರಗೆ. ನಾಯಕತ್ವದ ಸ್ಪರ್ಧೆಯಲ್ಲಿ ಇಬ್ಬರೂ ಹಂಟ್ ಪರ ನಿಂತಿದ್ದರು. ಮಾರ್ಡಂಟ್ ರಕ್ಷಣಾ ಸಚಿವೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಆದ್ದರಿಂದ ಪಟ್ಟಿಯನ್ನು ‘ಬ್ರೆಕ್ಸಿಟ್ ಪರ, ವಿರೋಧ’ ಎಂದು ಎರಡು ಕಾಲಂ ಮಾಡಿ ಓದಿದರೆ ಲೆಕ್ಕ ತಾಳೆಯಾಗುವುದಿಲ್ಲ. ‘ತಾರೀಖು ಒಪ್ಪಿದವರು, ಒಪ್ಪದವರು’ ಎಂದು ಒಂದು ಕಾಲಂ, ‘ಜೂನ್‌ನಲ್ಲಿ ಯಾರ ಜತೆ ಇದ್ದರು’ ಎಂದು ಇನ್ನೊಂದು ಮಾಡಿ ಓದಿ, ತಾಳೆಯಾಗುತ್ತದೆ.

ಷರತ್ತು ಒಪ್ಪದವರು ಕೊಕ್ ಕೊಡುವವರೆಗೂ ಕಾಯಲಿಲ್ಲ. ಖಜಾನೆಯ ಫಿಲಿಪ್ ಹ್ಯಾಮಂಡ್, ನ್ಯಾಯ ಖಾತೆಯ ಡೇವಿಡ್ ಗಾಕ್, ಅಂತರರಾಷ್ಟ್ರೀಯ ಅಭಿವೃದ್ಧಿಯ ರೋರಿ ಸ್ಟೀವರ್ಟ್ ಮೊದಲೇ ರಾಜೀನಾಮೆ ಕೊಟ್ಟು ಹಿಂದಿನ ಬೆಂಚಿಗೆ, ಅಂದರೆ ಮಂತ್ರಿಗಳಲ್ಲದ ಸಂಸದರ ಸಾಲಿಗೆ, ಹೋದರು. ಜಾನ್ಸನ್‌ಗೆ ಮುಂದೆ ಕಾಟ ಕೊಡುವುದಿದ್ದರೆ ಅದು ಬರಬೇಕಿದ್ದದ್ದು ಆ ಬೆಂಚಿನಿಂದ. ಎದುರಿನ ಬೆಂಚುಗಳ ಕೂಗು ಅವರ ಲೆಕ್ಕದಲ್ಲಿ ಮೊದಲಿಂದಲೂ ಇತ್ತು.

ತಾರೀಖಿಗೆ ಯಾಕೆ ಇಷ್ಟು ಬೆಲೆ ಎಂಬುದಕ್ಕೆ ಹಿನ್ನೆಲೆ ಎರಡು ಸಾಲು. ತೆರೆಸಾ ಮೇ ಒಕ್ಕೂಟದ ಜತೆ ಮಾಡಿಕೊಂಡು ತಂದ ಒಪ್ಪಂದ ಸಂಸತ್ತಿನಲ್ಲಿ ಮೂರು ಸಲ ಬಿತ್ತು. 2019ರ ಜನವರಿ 15ರಂದು 230 ಮತಗಳಿಂದ, ಮಾರ್ಚ್ 12ರಂದು 149ರಿಂದ, ಮಾರ್ಚ್ 29ರಂದು 58ರಿಂದ. ಗಡುವು ಮಾರ್ಚ್ 29ರಿಂದ ಏಪ್ರಿಲ್ 12ಕ್ಕೆ, ಅಲ್ಲಿಂದ ಅಕ್ಟೋಬರ್ 31ಕ್ಕೆ ಹೋಯಿತು. ಸಂಸತ್ತು ಏನೂ ಮಾಡದೆ ಕೂತರೆ ಅಂದು ರಾತ್ರಿ 11ಕ್ಕೆ ಬ್ರಿಟನ್ ತಾನಾಗಿ ಹೊರಗೆ ಬೀಳುತ್ತಿತ್ತು. ಒಪ್ಪಂದವಿಲ್ಲದ ನಿರ್ಗಮನಕ್ಕೆ ಯಾರ ಮತವೂ ಬೇಕಿರಲಿಲ್ಲ. ಅದನ್ನು ತಡೆಯುವುದಕ್ಕೆ ಮಾತ್ರ ಬೇಕಿತ್ತು.

ಅಲ್ಲಿನ ಜನ ಈ ಸಂಪುಟವನ್ನು ಹೇಗೆ ತೆಗೆದುಕೊಂಡರು? ಟಿವಿಯಲ್ಲಿ ಒಂದು ಕಡೆ ಚಪ್ಪಾಳೆ, ಇನ್ನೊಂದು ಕಡೆ ಧಿಕ್ಕಾರ.
— ಓದುಗರು, ಮೈಸೂರು

ಎರಡೂ ನಿಜ. ಆದರೆ ಎರಡೂ ಒಂದೇ ಜನರದ್ದಲ್ಲ.

ಚಪ್ಪಾಳೆ ತಟ್ಟಿದವರು ಮುಖ್ಯವಾಗಿ ಪಕ್ಷದ ಸದಸ್ಯರು. ಆಗ ಇವರ ಸಂಖ್ಯೆ ಸುಮಾರು 1.6 ಲಕ್ಷ. ಅದರಲ್ಲಿ 92,153 ಮಂದಿ, ಅಂದರೆ ಮತ ಹಾಕಿದವರಲ್ಲಿ ಶೇ 66, ಜಾನ್ಸನ್ ಅವರನ್ನು ಆರಿಸಿದರು. ನಾಲ್ಕೂವರೆ ಕೋಟಿ ಮತದಾರರ ದೇಶಕ್ಕೆ ಪ್ರಧಾನಿಯನ್ನು ಕೊಟ್ಟವರು ಇಷ್ಟು ಮಂದಿ. ‘ನಮ್ಮನ್ನು ಕೇಳಿದವರು ಯಾರು?’ ಎಂದು ಉಳಿದವರು ಗೊಣಗುವುದಕ್ಕೆ ಇದೇ ಮೊದಲ ಕಾರಣ.

ಬೀದಿಯ ಕೋಪ ಮೊದಲ ದಿನವೇ ಕಂಡಿತು. ಅರಮನೆಗೆ ಹೊರಟ ಜಾನ್ಸನ್ ಕಾರಿಗೆ ಮಾಲ್ ರಸ್ತೆಯಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಮಾನವ ಸರಪಳಿ ಮಾಡಿ ಅಡ್ಡ ನಿಂತರು. ಜುಲೈ 29ರಂದು ಎಡಿನ್‌ಬರದಲ್ಲಿ ಸ್ಕಾಟ್ಲೆಂಡ್ ಸರ್ಕಾರದ ಆಗಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಅವರನ್ನು ಭೇಟಿ ಮಾಡಲು ಹೋದಾಗ ಅವರ ಅಧಿಕೃತ ನಿವಾಸ ಬ್ಯೂಟ್ ಹೌಸ್ ಎದುರು ಜನ ಕೂಗಿ ಗದ್ದಲ ಎಬ್ಬಿಸಿದರು. ಪ್ರಧಾನಿ ಹೊರಟದ್ದು ಹಿಂಬಾಗಿಲಿಂದ. ಸ್ಕಾಟ್ಲೆಂಡಿನ ಕೋಪದ ಹಿಂದೆ ಒಂದು ಖಾತೆಯ ಕಥೆಯೂ ಇದೆ. ಅಲ್ಲಿನ ಕನ್ಸರ್ವೇಟಿವ್ ನಾಯಕಿ ರೂತ್ ಡೇವಿಡ್ಸನ್ ಉಳಿಸಿಕೊಳ್ಳಿ ಎಂದು ಹೇಳಿದ್ದ ಸ್ಕಾಟ್ಲೆಂಡ್ ಖಾತೆಯ ಸಚಿವ ಡೇವಿಡ್ ಮಂಡೆಲ್ ಅವರನ್ನೇ ತೆಗೆದು ಅಲಿಸ್ಟರ್ ಜ್ಯಾಕ್ ಅವರನ್ನು ತಂದರು. ಸ್ಕಾಟ್ಲೆಂಡ್ 2016ರಲ್ಲಿ ಶೇ 62ರಷ್ಟು ‘ಉಳಿಯೋಣ’ ಎಂದಿತ್ತು. ಅಲ್ಲಿ ಸ್ವಪಕ್ಷದವರನ್ನೇ ನೋಯಿಸಿದ ಆಯ್ಕೆ ಇದು.

ಮರುದಿನ ವೇಲ್ಸ್. ನ್ಯೂಪೋರ್ಟ್ ಹತ್ತಿರದ ಕೋಳಿ ಫಾರಂನಲ್ಲಿ ಕೋಳಿ ಹಿಡಿದು ಫೋಟೊ ತೆಗೆಸಿಕೊಂಡದ್ದನ್ನು ನೀವೂ ನೋಡಿರುತ್ತೀರಿ. ವೇಲ್ಸಿನ ರೈತರ ಆತಂಕ ಇದ್ದದ್ದು ಕುರಿಯ ಮೇಲೆ. ಆಗ ಅಲ್ಲಿಂದ ಹೊರದೇಶಕ್ಕೆ ಹೋಗುವ ಕುರಿಮಾಂಸದಲ್ಲಿ ಶೇ 90ಕ್ಕೂ ಹೆಚ್ಚು ಯುರೋಪ್ ಒಕ್ಕೂಟಕ್ಕೆ ಹೋಗುತ್ತಿತ್ತು. ಒಪ್ಪಂದವಿಲ್ಲದೆ ಹೊರಬಂದರೆ ಅದರ ಮೇಲೆ ಶೇ 40ಕ್ಕಿಂತ ಹೆಚ್ಚು ಸುಂಕ ಬೀಳುತ್ತಿತ್ತು. ಶರತ್ಕಾಲ ಮರಿಗಳನ್ನು ಮಾರುವ ಕಾಲ, ಅಕ್ಟೋಬರ್ 31 ಬರುವುದು ಅದೇ ಹೊತ್ತಿಗೆ.

ಎರಡು ದಿನ ಕಳೆದು ಆಗಸ್ಟ್ 1ರಂದು ಅದೇ ವೇಲ್ಸಿನ ಬ್ರೆಕನ್ ಮತ್ತು ರ್‍ಯಾಡ್ನರ್‌ಶೈರ್ ಕ್ಷೇತ್ರದಲ್ಲಿ ಉಪಚುನಾವಣೆ. ಲಿಬರಲ್ ಡೆಮಾಕ್ರಟ್ ಪಕ್ಷದ ಜೇನ್ ಡಾಡ್ಸ್ 1,425 ಮತಗಳಿಂದ ಕನ್ಸರ್ವೇಟಿವ್ ಅಭ್ಯರ್ಥಿಯನ್ನು ಸೋಲಿಸಿದರು. ಸರ್ಕಾರದ ಬಹುಮತ ಒಂದಕ್ಕೆ ಇಳಿಯಿತು. ಈ ಸಂಪುಟ ಯಾರಿಗಾಗಿ ಎಂದು ತಿಳಿಯಬೇಕಿದ್ದರೆ ಆ ಕ್ಷೇತ್ರದ ಇನ್ನೊಂದು ಅಂಕಿ ನೋಡಿ: ಬ್ರೆಕ್ಸಿಟ್ ಪಾರ್ಟಿಗೆ ಬಿದ್ದ ಮತ 3,331, ಸೋಲಿನ ಅಂತರದ ಎರಡು ಪಟ್ಟಿಗಿಂತ ಹೆಚ್ಚು. ಮೇ ತಿಂಗಳ ಯುರೋಪ್ ಸಂಸತ್ ಚುನಾವಣೆಯಲ್ಲಿ ನೈಜೆಲ್ ಫರಾಜ್ ಅವರ ಆ ಪಕ್ಷ 29 ಸ್ಥಾನ ಗೆದ್ದಿತ್ತು, ಕನ್ಸರ್ವೇಟಿವ್ ಗೆದ್ದದ್ದು ಬರೀ 4. ಕಳೆದುಹೋದ ಆ ಮತದಾರರನ್ನು ಮನೆಗೆ ಕರೆತರಲು ಪಟೇಲ್, ರಾಬ್, ರೀಸ್-ಮಾಗ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಜಾನ್ಸನ್ ಬಂದ ಮೇಲಿನ ಸಮೀಕ್ಷೆಗಳಲ್ಲಿ ಕನ್ಸರ್ವೇಟಿವ್ ಏರಿ ಬ್ರೆಕ್ಸಿಟ್ ಪಾರ್ಟಿ ಇಳಿಯಿತು. ಪಟ್ಟಿ ತನ್ನ ಕೆಲಸ ಶುರುಮಾಡಿತು ಎಂದೇ ಅರ್ಥ.

ಇನ್ನು ಪೇಟೆ. ಹೊಸ ಸಂಪುಟ ಬಂದು ಒಂದು ವಾರದೊಳಗೆ ಪೌಂಡ್ 1.22 ಡಾಲರಿಗಿಂತ ಕೆಳಗಿಳಿಯಿತು. ಎರಡು ವರ್ಷದಲ್ಲೇ ಕನಿಷ್ಠ. ಒಪ್ಪಂದವಿಲ್ಲದ ನಿರ್ಗಮನದ ಹೊಣೆ ಹೊತ್ತ ಗೋವ್ ‘ಒಪ್ಪಂದ ಇಲ್ಲ ಎಂದುಕೊಂಡೇ ಕೆಲಸ ಮಾಡುತ್ತಿದ್ದೇವೆ’ ಎಂಬರ್ಥದಲ್ಲಿ ಬರೆದದ್ದು, ಜಾವಿದ್ ಅದರ ಸಿದ್ಧತೆಗೆ ಹೆಚ್ಚುವರಿ 210 ಕೋಟಿ ಪೌಂಡ್ ತೆಗೆದಿಟ್ಟದ್ದು ಎರಡೂ ಆ ದಿನಗಳಲ್ಲೇ.

ಟೀಕೆಗಳಲ್ಲಿ ಅಂಕಿ ಹಿಡಿದು ಆಡಿದ್ದು ಒಂದು. ಸಟನ್ ಟ್ರಸ್ಟ್ ಎಂಬ ಸಂಸ್ಥೆಯ ಲೆಕ್ಕದಲ್ಲಿ ಸಂಪುಟ ಸಭೆಗೆ ಕೂರುವವರಲ್ಲಿ ಶೇ 64 ಮಂದಿ ದುಬಾರಿ ಶುಲ್ಕದ ಖಾಸಗಿ ಶಾಲೆಯಲ್ಲಿ ಓದಿದವರು. ದೇಶದ ಒಟ್ಟು ಮಕ್ಕಳಲ್ಲಿ ಅಂಥ ಶಾಲೆಗೆ ಹೋಗುವವರು ಶೇ 7. ಮೇ ಅವರ 2016ರ ಸಂಪುಟದಲ್ಲಿ ಅದು ಶೇ 30 ಇತ್ತು. ‘ಆಧುನಿಕ ಬ್ರಿಟನ್ನಿನ ಸಂಪುಟ’ ಎಂಬ ಜಾನ್ಸನ್ ಕಡೆಯವರ ಜಾಹೀರಾತಿಗೆ ಇದು ಸರಿಯಾದ ಉತ್ತರ. ಮೈಬಣ್ಣ ನೋಡಿದರೆ ಹೊಸತು, ಶಾಲೆ ನೋಡಿದರೆ ಹಳತು.

ಲಂಡನ್ನಿನಲ್ಲಿ ಒಂದೇ ಸಂಜೆಗೆ ಸಂಪುಟ ಸಿದ್ಧ. ಇಲ್ಲಿ ಮುಖ್ಯಮಂತ್ರಿಗಳು ಒಬ್ಬರೇ ಪ್ರವಾಹ ನೋಡಲು ಓಡಾಡುತ್ತಿದ್ದಾರೆ. ಯಾಕೆ ಹೀಗೆ?
— ಓದುಗರು, ತುಮಕೂರು

ಜಾನ್ಸನ್ ಗೆದ್ದ ಜುಲೈ 23ರಂದೇ ಕರ್ನಾಟಕ ವಿಧಾನಸಭೆಯಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ವಿಶ್ವಾಸಮತ ಸೋತಿತು. ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡದ್ದು 26ಕ್ಕೆ. ಆಗಸ್ಟ್ ನಡುವಿನಲ್ಲಿ ಈ ಸಾಲು ಬರೆಯುವ ಹೊತ್ತಿಗೂ ಸಂಪುಟದಲ್ಲಿ ಅವರೊಬ್ಬರೇ ಇದ್ದರು. ಹೋಲಿಕೆ ಮನಸ್ಸಿಗೆ ಬರುವುದು ಸಹಜ. ಆದರೆ ನಿಯಮಗಳು ಬೇರೆ.

ನಮ್ಮಲ್ಲಿ ಹೊಸ ಮುಖ್ಯಮಂತ್ರಿ ಸದನದಲ್ಲಿ ಬಹುಮತ ತೋರಿಸಬೇಕು. ಬ್ರಿಟನ್ನಿನಲ್ಲಿ ಹೊಸ ಪ್ರಧಾನಿಗೆ ಹಾಗೆ ಕಡ್ಡಾಯವಿಲ್ಲ. ರಾಜ ಅಥವಾ ರಾಣಿ ಕರೆದು ನೇಮಿಸಿದರೆ ಆಯಿತು, ಬೀಳಿಸುವ ಕೆಲಸ ಎದುರು ಪಕ್ಷದ್ದು. ಜಾನ್ಸನ್ ಸದನಕ್ಕೆ ಮುಖ ತೋರಿಸಿದ್ದು 25ರಂದು ಒಂದು ದಿನ. ಅಂದೇ ಬೇಸಿಗೆ ಬಿಡುವು ಶುರು. ಮತ್ತೆ ಸೇರಬೇಕಿದ್ದದ್ದು ಸೆಪ್ಟೆಂಬರ್ 3ಕ್ಕೆ.

ಕುರ್ಚಿಗಳ ಮಿತಿಯೂ ಬೇರೆ. ನಮ್ಮಲ್ಲಿ ಸಂವಿಧಾನದ 164(1ಎ) ವಿಧಿಯ ಪ್ರಕಾರ ಸದನದ ಶೇ 15, ಅಂದರೆ ಕರ್ನಾಟಕಕ್ಕೆ ಮುಖ್ಯಮಂತ್ರಿ ಸೇರಿ 34. ಅಲ್ಲಿ 1975ರ ಕಾಯ್ದೆಯಂತೆ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ ಕಿರಿಯ ಮಂತ್ರಿಗಳೂ ಸೇರಿ 95 ಮಂದಿವರೆಗೆ ಇರಬಹುದು. ಹಂಚಲು ಅಷ್ಟು ಇದ್ದಾಗ ಅತೃಪ್ತರನ್ನು ಸಮಾಧಾನ ಮಾಡುವುದು ಸುಲಭ.

ಇನ್ನೂ ದೊಡ್ಡ ವ್ಯತ್ಯಾಸ ಪಕ್ಷಾಂತರ ನಿಷೇಧ. ಇಲ್ಲಿ ವಿಪ್ ಮೀರಿದರೆ, ಪಕ್ಷ ಬಿಟ್ಟರೆ ಶಾಸಕತ್ವಕ್ಕೇ ಸಂಚಕಾರ. ಜುಲೈ ಕೊನೆಯಲ್ಲಿ ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದ್ದನ್ನು ನೋಡಿದ್ದೀರಿ. ಬ್ರಿಟನ್ನಿನಲ್ಲಿ ಅಂಥ ಕಾನೂನಿಲ್ಲ. ಪಕ್ಷ ಹೊರಹಾಕಬಹುದು, ಸ್ಥಾನ ಕೀಳಲಾಗದು. ಜುಲೈ 18ರಂದು, ಬ್ರೆಕ್ಸಿಟ್ ಹೊತ್ತಿಗೆ ಸಂಸತ್ತಿಗೆ ಬೀಗ ಹಾಕುವುದನ್ನು ಕಷ್ಟ ಮಾಡುವ ತಿದ್ದುಪಡಿಯೊಂದು 315–274ರಲ್ಲಿ ಗೆದ್ದಿತು. ಅದಕ್ಕೆ ಮತ ಹಾಕಿದವರಲ್ಲಿ 17 ಮಂದಿ ಕನ್ಸರ್ವೇಟಿವ್‌ನವರೇ. ಹ್ಯಾಮಂಡ್, ಗಾಕ್, ಸ್ಟೀವರ್ಟ್ ಇನ್ನೂ ಮಂತ್ರಿಗಳಾಗಿದ್ದೂ ಮತ ಹಾಕದೆ ಉಳಿದರು. ಇಲ್ಲೂ ಹದಿನೇಳು, ಅಲ್ಲೂ ಹದಿನೇಳು. ಅಲ್ಲಿಯವರು ಮರುದಿನ ಅದೇ ಬೆಂಚಿನಲ್ಲಿ ಕೂತರು, ಅಷ್ಟೇ.

ಪ್ರೀತಿ ಪಟೇಲ್, ವಿಲಿಯಮ್ಸನ್ ಇಬ್ಬರೂ ಹಿಂದೆ ಹುದ್ದೆ ಕಳೆದುಕೊಂಡವರಲ್ಲವೆ? ಮತ್ತೆ ಹೇಗೆ ಬಂದರು? ಹೋಗುವಾಗ ಪರಿಹಾರವೂ ಸಿಗುತ್ತದಂತೆ!
— ಓದುಗರು, ಕಲಬುರಗಿ

ಪಟೇಲ್ 2017ರ ಆಗಸ್ಟ್‌ನಲ್ಲಿ ರಜೆಗೆಂದು ಇಸ್ರೇಲಿಗೆ ಹೋಗಿ, ಸರ್ಕಾರಕ್ಕೆ ತಿಳಿಸದೆ ಅಲ್ಲಿನ ಪ್ರಧಾನಿಯೂ ಸೇರಿ ಹಲವರನ್ನು ಭೇಟಿಯಾಗಿದ್ದರು. ಅದು ಹೊರಬಿದ್ದು ನವೆಂಬರಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ವಿಲಿಯಮ್ಸನ್ ಅವರನ್ನು 2019ರ ಮೇ 1ರಂದು ರಕ್ಷಣಾ ಖಾತೆಯಿಂದ ವಜಾ ಮಾಡಿದ್ದರು. ಚೀನಾದ ಹುವಾವೆ ಕಂಪನಿ ಕುರಿತ ರಾಷ್ಟ್ರೀಯ ಭದ್ರತಾ ಮಂಡಳಿಯ ಚರ್ಚೆ ಸೋರಿಕೆಯಾದ ಆರೋಪ. ಅವರು ಅದನ್ನು ಅಲ್ಲಗಳೆದಿದ್ದಾರೆ. ಹನ್ನೆರಡು ವಾರದಲ್ಲಿ ಶಿಕ್ಷಣ ಸಚಿವರಾಗಿ ವಾಪಸ್. ವಜಾ ಆದವರು ಇಷ್ಟು ಕಾಲ ದೂರ ಇರಬೇಕೆಂಬ ನಿಯಮ ಇಲ್ಲ, ಪ್ರಧಾನಿ ಮನಸ್ಸು ಮಾಡಿದರೆ ಆಯಿತು. ಪಟೇಲ್ ಬಗ್ಗೆ ಹೆಚ್ಚಿನ ಗದ್ದಲ ಎದ್ದದ್ದು, 2011ರಲ್ಲಿ ಟಿವಿ ಚರ್ಚೆಯೊಂದರಲ್ಲಿ ಮರಣದಂಡನೆ ಪರ ಮಾತಾಡಿದ್ದಕ್ಕೆ. ಆ ನಿಲುವು ಈಗಿಲ್ಲ ಎಂದು ಆಮೇಲೆ ಹೇಳಿದ್ದಾರೆ.

ಪರಿಹಾರದ ವಿಷಯ ನಿಜ. 2019ರಲ್ಲಿ ಸಂಪುಟ ಸಚಿವರಿಗೆ ಸಂಸದರ ಸಂಬಳ 79,468 ಪೌಂಡ್ ಅಲ್ಲದೆ ವರ್ಷಕ್ಕೆ 67,505 ಪೌಂಡ್ ಇತ್ತು. ಹುದ್ದೆ ಬಿಟ್ಟಾಗ ವಯಸ್ಸು 65 ದಾಟಿರದಿದ್ದರೆ, ಮೂರು ವಾರದೊಳಗೆ ಬೇರೆ ಮಂತ್ರಿಗಿರಿ ಸಿಗದಿದ್ದರೆ, ಮಂತ್ರಿ ಸಂಬಳದ ಕಾಲುಭಾಗ ಕೊಡುತ್ತಿದ್ದರು. ಅಂದರೆ 16,876 ಪೌಂಡ್. ರಾಜೀನಾಮೆ ಕೊಟ್ಟು ಹೋದವರಿಗೂ ಇದೇ ಲೆಕ್ಕ ಇತ್ತು.

ನಮ್ಮ ಹುಬ್ಬಳ್ಳಿ ಸುಧಾ ಮೂರ್ತಿಯವರ ಅಳಿಯ ಬ್ರಿಟನ್ನಿನ ಹಣಕಾಸು ಮಂತ್ರಿ ಆದರೆಂದು ವಾಟ್ಸ್ಆ್ಯಪಿನಲ್ಲಿ ಬಂತು. ಹೌದೆ?
— ಓದುಗರು, ಹುಬ್ಬಳ್ಳಿ

ವಾಟ್ಸ್ಆ್ಯಪ್ ಒಂದು ಮೆಟ್ಟಿಲು ಹೆಚ್ಚು ಹತ್ತಿಸಿದೆ. 2019ರ ಜುಲೈಯಲ್ಲಿ ಹಣಕಾಸು ಮಂತ್ರಿಯಾದವರು ಸಾಜಿದ್ ಜಾವಿದ್. ಅಳಿಯ ರಿಷಿ ಸುನಕ್ ಅವರಿಗೆ ಸಿಕ್ಕಿದ್ದು ‘ಚೀಫ್ ಸೆಕ್ರೆಟರಿ ಟು ದ ಟ್ರೆಷರಿ’, ಅಂದರೆ ಖಜಾನೆಯ ಎರಡನೆಯ ಸ್ಥಾನ. ಹೆಸರಿನಲ್ಲಿ ಸೆಕ್ರೆಟರಿ ಇದ್ದರೂ ಅಧಿಕಾರಿ ಹುದ್ದೆಯಲ್ಲ, ರಾಜಕೀಯ ಹುದ್ದೆಯೇ. ಸಂಪುಟ ಸಭೆಗೆ ಕೂರುತ್ತಿದ್ದರು, ಪೂರ್ಣ ಸದಸ್ಯರಾಗಿರಲಿಲ್ಲ. ಸೌತಾಂಪ್ಟನ್‌ನಲ್ಲಿ ಹುಟ್ಟಿದ ಅವರು ಅಕ್ಷತಾ ಮೂರ್ತಿಯವರನ್ನು ಮದುವೆಯಾದದ್ದು 2009ರಲ್ಲಿ ಬೆಂಗಳೂರಿನಲ್ಲಿ. ಸಂಸದರಾದದ್ದು 2015ರಲ್ಲಿ, ಯಾರ್ಕ್‌ಷೈರಿನ ರಿಚ್ಮಂಡ್‌ನಿಂದ.

ಕೆಲಸ ಏನೆಂದರೆ ಕೈ ಬಿಗಿ ಹಿಡಿಯುವುದು. ತೆರಿಗೆ, ಬಜೆಟ್ ಭಾಷಣ ಜಾವಿದ್‌ರದ್ದು. ಯಾವ ಇಲಾಖೆಗೆ ಎಷ್ಟು ಎಂದು ಒಬ್ಬೊಬ್ಬ ಮಂತ್ರಿಯ ಎದುರು ಕೂತು ಚೌಕಾಸಿ ಮಾಡುವುದು ಸುನಕ್‌ರದ್ದು. ಮುಂದಿನ ವರ್ಷದ ಇಲಾಖಾವಾರು ಖರ್ಚನ್ನು ಸೆಪ್ಟೆಂಬರಿನಲ್ಲೇ ಮುಗಿಸುವುದಾಗಿ ಜಾವಿದ್ ಹೇಳಿದ್ದರಿಂದ ಮೊದಲ ಪರೀಕ್ಷೆ ಹತ್ತಿರದಲ್ಲೇ ಇತ್ತು. ಇದೇ ಹುದ್ದೆಯಲ್ಲಿದ್ದ ಲೇಬರ್ ಪಕ್ಷದ ಲಿಯಾಮ್ ಬರ್ನ್ 2010ರಲ್ಲಿ ಹೋಗುವಾಗ, ಮುಂದೆ ಬರುವವರಿಗೆ ‘ದುಡ್ಡು ಉಳಿದಿಲ್ಲ’ ಎಂದು ತಮಾಷೆಗೆ ಚೀಟಿ ಬರೆದಿಟ್ಟಿದ್ದರು. ಎದುರು ಪಕ್ಷ ಐದು ವರ್ಷ ಅದನ್ನೇ ಹಿಡಿದು ಪ್ರಚಾರ ಮಾಡಿತು.

ಹುದ್ದೆ ಸಿಕ್ಕಿದ್ದು ಅಳಿಯತನಕ್ಕಲ್ಲ. ಜೂನ್ ಮೊದಲ ವಾರದಲ್ಲಿ, ಹಲವರು ಗಾಳಿ ಯಾವ ಕಡೆ ಎಂದು ನೋಡುತ್ತಿದ್ದಾಗ, ಸುನಕ್, ರಾಬರ್ಟ್ ಜೆನ್ರಿಕ್, ಆಲಿವರ್ ಡೌಡನ್ ಮೂವರೂ ಸೇರಿ ಜಾನ್ಸನ್ ಪರ ಪತ್ರಿಕೆಯಲ್ಲಿ ಲೇಖನ ಬರೆದರು. ಮೂವರಿಗೂ ಬಡ್ತಿ ಸಿಕ್ಕಿತು. ಸುನಕ್ 2016ರಲ್ಲೂ ಬ್ರೆಕ್ಸಿಟ್ ಪರ. ಆ ಸಂಪುಟದಲ್ಲಿ ಭಾರತದ ನಂಟಿದ್ದ ಇನ್ನಿಬ್ಬರೆಂದರೆ ಪಟೇಲ್ ಮತ್ತು ಆಗ್ರಾದಲ್ಲಿ ಹುಟ್ಟಿದ ಅಲೋಕ್ ಶರ್ಮಾ.

ರೀಸ್-ಮಾಗ್ ತಮ್ಮ ಕಚೇರಿಯವರಿಗೆ ಯಾವ ಪದ ಬರೆಯಬಾರದೆಂದು ಪಟ್ಟಿ ಕೊಟ್ಟರಂತೆ?
— ಓದುಗರು, ಉಡುಪಿ

ಕೊಟ್ಟದ್ದು ನಿಜ. ‘ವೆರಿ’, ‘ಹೋಪ್‌ಫುಲಿ’, ‘ಗಾಟ್’, ‘ಆನ್‌ಗೋಯಿಂಗ್’ ಬೇಡ. ಪೂರ್ಣವಿರಾಮದ ನಂತರ ಎರಡು ಸ್ಥಳ ಬಿಡಬೇಕು. ಸರ್, ಲಾರ್ಡ್ ಥರದ ಬಿರುದು ಇಲ್ಲದ ಗಂಡಸರ ಹೆಸರಿನ ಮುಂದೆ ‘ಎಸ್ಕ್ವೈರ್’ ಹಾಕಬೇಕು. ಅಳತೆ ಅಡಿಗಳಲ್ಲಿ, ತೂಕ ಪೌಂಡುಗಳಲ್ಲೇ ಇರಬೇಕು. ದೇಶವೆಲ್ಲ ಎರಡು ದಿನ ನಕ್ಕಿತು. ಅವರ ಹಳೆಯ ಭಾಷಣಗಳಲ್ಲಿ ಈ ಪದಗಳು ಎಷ್ಟು ಸಲ ಬಂದಿವೆ ಎಂದು ಎಣಿಸುವವರೂ ಹುಟ್ಟಿಕೊಂಡರು. ನಗುವಿನ ನಡುವೆ ಮರೆಯಬಾರದ್ದು, ಅವರು ಆಗ ಕಾಮನ್ಸ್ ಸಭೆಯ ನಾಯಕರಾಗಿದ್ದರು. ಯಾವ ದಿನ ಯಾವ ವಿಷಯ ಚರ್ಚೆಗೆ ಬರಬೇಕೆಂದು ಹೇಳುವ ಹುದ್ದೆ ಅದು.

ಮಗಳು ಸೆಪ್ಟೆಂಬರ್ ಕೊನೆಗೆ ಲಂಡನ್ನಿಗೆ ಎಂ.ಎಸ್ಸಿ. ಓದಲು ಹೊರಟಿದ್ದಾಳೆ. ಹೊಸ ಸರ್ಕಾರ, ಬ್ರೆಕ್ಸಿಟ್ ಇವುಗಳಿಂದ ವೀಸಾಕ್ಕೆ ತೊಂದರೆ ಆಗಬಹುದೆ?
— ಓದುಗರು, ದಾವಣಗೆರೆ

ಬ್ರೆಕ್ಸಿಟ್‌ನಿಂದ ಆಗುವುದಿಲ್ಲ. ಭಾರತೀಯರ ವೀಸಾ ಮೊದಲಿನಿಂದಲೂ ಬ್ರಿಟನ್ನಿನದೇ ಕಾನೂನು, ಒಕ್ಕೂಟದ್ದಲ್ಲ. ವಲಸೆಗೆ ಆಸ್ಟ್ರೇಲಿಯಾ ಮಾದರಿಯ ಅಂಕಪದ್ಧತಿಯನ್ನು ಪರಿಶೀಲಿಸಲು ಜಾನ್ಸನ್ ಹೇಳಿದ್ದರು. ಅದು 2019ರ ವಿದ್ಯಾರ್ಥಿಗಳನ್ನು ಮುಟ್ಟುವಂತಿರಲಿಲ್ಲ. ತೊಂದರೆ ಆಗುವುದು ಬ್ಯಾಂಕ್ ಪಾಸ್‌ಬುಕ್ಕಿನಿಂದ.

2019ರಲ್ಲಿ ಟಿಯರ್ 4 ಎಂಬ ವಿದ್ಯಾರ್ಥಿ ವೀಸಾಕ್ಕೆ ಲಂಡನ್ನಿನಲ್ಲಿ ತಿಂಗಳಿಗೆ 1,265 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚು ತೋರಿಸಬೇಕಿತ್ತು. ಒಟ್ಟು 11,385 ಪೌಂಡ್. ಆಗಿನಂತೆ ಪೌಂಡಿಗೆ 86 ರೂಪಾಯಿ ಎಂದು ಹಿಡಿದರೆ ಸುಮಾರು 9.8 ಲಕ್ಷ. ಕಟ್ಟದೆ ಉಳಿದ ಶುಲ್ಕ ಇದರ ಮೇಲೆ. ಈ ಹಣ ಅವಳ ಅಥವಾ ತಂದೆತಾಯಿಯ ಖಾತೆಯಲ್ಲಿ ಬಿಡದೆ 28 ದಿನ ಇರಬೇಕು. 27ನೇ ದಿನ ಐದು ಸಾವಿರ ತೆಗೆದು ಮರುದಿನ ಹಾಕಿದರೂ ಅರ್ಜಿ ತಿರಸ್ಕಾರ. ಬ್ಯಾಂಕಿನ ಪತ್ರ ಅರ್ಜಿ ಹಾಕುವ ದಿನಕ್ಕೆ 31 ದಿನದೊಳಗಿನದಾಗಿರಬೇಕು. ಹಣ ನಿಮ್ಮ ಖಾತೆಯದ್ದಾದರೆ ಅವಳ ಜನನ ಪ್ರಮಾಣಪತ್ರ ಮತ್ತು ನಿಮ್ಮ ಒಪ್ಪಿಗೆ ಪತ್ರ ಬೇಕು. ಪೌಂಡ್ ದಿನಕ್ಕೊಂದು ತರಹ ಆಡುತ್ತಿರುವಾಗ ಲೆಕ್ಕಕ್ಕೆ ಸರಿಯಾಗಿ ಇಡಬೇಡಿ. ಐವತ್ತು ಸಾವಿರ ಹೆಚ್ಚೇ ಇರಲಿ.

2019ರಲ್ಲಿ ವೀಸಾ ಶುಲ್ಕ 348 ಪೌಂಡ್ ಇತ್ತು. ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗೆ ವರ್ಷಕ್ಕೆ 300, ಒಂದು ವರ್ಷದ ಕೋರ್ಸಿಗೆ ವೀಸಾ ಅವಧಿ ಹೆಚ್ಚಿರುವುದರಿಂದ 450 ಆಗುತ್ತಿತ್ತು. ಕ್ಷಯ ಪರೀಕ್ಷೆಯನ್ನು ಅವರ ಪಟ್ಟಿಯಲ್ಲಿರುವ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು, ಊರ ಆಸ್ಪತ್ರೆಯ ಎಕ್ಸ್-ರೇ ನಡೆಯದು. 28 ದಿನದ ಎಣಿಕೆ ಇನ್ನೂ ಶುರುವಾಗಿಲ್ಲದಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ. ಆಗ ಅಲ್ಲಿ ಇಳಿದ ಹತ್ತು ದಿನದೊಳಗೆ ಬಯೊಮೆಟ್ರಿಕ್ ಕಾರ್ಡ್ ಪಡೆಯಬೇಕಿತ್ತು. ಓದು ಮುಗಿದ ಮೇಲೆ 2019ರ ನಿಯಮದಲ್ಲಿ ಸಿಗುತ್ತಿದ್ದದ್ದು ನಾಲ್ಕು ತಿಂಗಳು. ಎರಡು ವರ್ಷ ಇದ್ದು ಕೆಲಸ ಹುಡುಕುವ ಹಳೆಯ ಸೌಲಭ್ಯ 2012ರಲ್ಲಿ ಹೋಯಿತು. ಆಗ ಗೃಹ ಸಚಿವೆ ತೆರೆಸಾ ಮೇ. ಅದನ್ನು ಮರಳಿ ತರಬೇಕೆಂದು ತಿದ್ದುಪಡಿ ಮಂಡಿಸಿದ ಜೋ ಜಾನ್ಸನ್, ಪ್ರಧಾನಿಯಾಗಿದ್ದ ಬೋರಿಸ್ ಅವರ ತಮ್ಮ, 2019ರ ಜುಲೈಯಲ್ಲಿ ವಿಶ್ವವಿದ್ಯಾಲಯ ಸಚಿವರಾದರು. ಆ ಸಂಪುಟದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಆಸೆ ಹುಟ್ಟಿಸಿದ ಹೆಸರು ಅದೊಂದೇ.

ನಮ್ಮ ಗೋವಾದ ಸಂಬಂಧಿಗಳು ಪೋರ್ಚುಗೀಸ್ ಪಾಸ್‌ಪೋರ್ಟಿನಲ್ಲಿ ಇಂಗ್ಲೆಂಡಿನಲ್ಲಿ ಇದ್ದಾರೆ. ಅವರ ಗತಿ?
— ಓದುಗರು, ಕಾರವಾರ

ಅವರು ಯುರೋಪ್ ಪ್ರಜೆಗಳು, ಆದ್ದರಿಂದ ಬ್ರೆಕ್ಸಿಟ್ ನೇರವಾಗಿ ತಟ್ಟಿದ್ದು ಇವರಿಗೆ. ಅಲ್ಲೇ ಉಳಿಯಲು 2019ರಲ್ಲಿ ‘ಇಯು ಸೆಟಲ್‌ಮೆಂಟ್ ಸ್ಕೀಮ್’ಗೆ ಅರ್ಜಿ ಹಾಕಬೇಕಿತ್ತು. ಶುಲ್ಕ ಇರಲಿಲ್ಲ. ಪಾಸ್‌ಪೋರ್ಟಿನ ಚಿಪ್ ಓದುವ ಆ್ಯಪ್ 2019ರ ಆಗಸ್ಟ್‌ನಲ್ಲಿ ಆ್ಯಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತಿತ್ತು. ಐಫೋನ್ ಇದ್ದವರು ಗೆಳೆಯರ ಫೋನ್ ಕೇಳಬಹುದಿತ್ತು. ಐದು ವರ್ಷ ಸತತ ಇದ್ದವರಿಗೆ ಪೂರ್ಣ ಹಕ್ಕು, ಕಡಿಮೆ ಇದ್ದವರಿಗೆ ತಾತ್ಕಾಲಿಕ. ‘ಸತತ’ ಎಂದರೆ ಯಾವುದೇ ಹನ್ನೆರಡು ತಿಂಗಳಲ್ಲಿ ಒಟ್ಟು ಆರು ತಿಂಗಳಿಗಿಂತ ಹೆಚ್ಚು ಹೊರಗೆ ಇರಬಾರದೆಂದು ಆಗಿನ ನಿಯಮ. ಊರಿಗೆ ಬಂದು ಆರು ತಿಂಗಳು ದಾಟಿ ಉಳಿಯುವವರು ಎಡವುತ್ತಿದ್ದದ್ದು ಇಲ್ಲೇ. ಒಪ್ಪಂದವಿಲ್ಲದೆ ಹೊರಬಂದರೆ ಅಕ್ಟೋಬರ್ 31ರೊಳಗೆ ಅಲ್ಲಿ ನೆಲೆಸಿದ್ದವರು ಮಾತ್ರ ಅರ್ಹರು, ಅರ್ಜಿಗೆ ಗಡುವು 2020ರ ಡಿಸೆಂಬರ್ 31 ಎಂದಿತ್ತು. ಒಪ್ಪಂದ ಆದರೆ 2021ರ ಜೂನ್ 30 ಎಂದಿತ್ತು.

ನಾನು ಭಾರತದ ಪಾಸ್‌ಪೋರ್ಟಿನಲ್ಲಿ ಇಲ್ಲಿ ಐ.ಟಿ. ಕೆಲಸದಲ್ಲಿದ್ದೇನೆ. ಚುನಾವಣೆ ಬಂದರೆ ನಮಗೆ ಮತ ಇದೆಯೆ? ಬರುವುದು ಯಾವಾಗ?
— ಓದುಗರು, ಹೌನ್ಸ್ಲೋ, ಲಂಡನ್

ಇದೆ. ಕಾಮನ್ವೆಲ್ತ್ ದೇಶದ ಪ್ರಜೆ, ವೀಸಾ ಮೇಲೆ ಕಾನೂನುಬದ್ಧವಾಗಿ ಅಲ್ಲಿ ವಾಸವಿದ್ದರೆ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. 2016ರ ಜನಮತಗಣನೆಯಲ್ಲೂ ಹಾಕಬಹುದಿತ್ತು. ಅಲ್ಲೇ ಇಪ್ಪತ್ತು ವರ್ಷ ಬಾಳಿದ ಫ್ರೆಂಚರಿಗೆ, ಜರ್ಮನ್ನರಿಗೆ ಆಗ ಮತ ಇರಲಿಲ್ಲ. ಪ್ರೀತಿ ಪಟೇಲ್ ಆ ಹೊತ್ತಿನಲ್ಲಿ ‘ನಮ್ಮ ಕರ್ರಿ ಹೋಟೆಲುಗಳನ್ನು ಉಳಿಸಿ’ ಎಂದು ದಕ್ಷಿಣ ಏಷ್ಯಾದವರ ನಡುವೆ ಪ್ರಚಾರ ಮಾಡಿದ್ದು ಈ ಮತಗಳಿಗಾಗಿಯೇ. ಒಕ್ಕೂಟ ಬಿಟ್ಟರೆ ನಮ್ಮ ಕಡೆಯ ಅಡುಗೆಯವರಿಗೆ ದಾರಿ ಸುಲಭವಾಗುತ್ತದೆ ಎಂಬುದು ಅಂದಿನ ಮಾತು. 2019ರಲ್ಲಿ ಗೃಹ ಖಾತೆ ಅವರಿಗೇ ಬಂತು. ಕೇಳುವವರು ಕೇಳಬಹುದಿತ್ತು.

ಚುನಾವಣೆ ಯಾವಾಗ ಎಂಬುದಕ್ಕೆ ಆಗ ಜಾರಿಯಲ್ಲಿದ್ದ 2011ರ ಅವಧಿ ನಿಗದಿ ಕಾಯ್ದೆ ಹಿಡಿದು ಲೆಕ್ಕ ಹಾಕಬೇಕಿತ್ತು. ಪ್ರಧಾನಿ ತಾನಾಗಿ ಬಯಸಿದರೆ 650ರಲ್ಲಿ ಮೂರನೇ ಎರಡು ಭಾಗ, 434 ಸದಸ್ಯರು ಒಪ್ಪಬೇಕಿತ್ತು. ಇನ್ನೊಂದು ದಾರಿ ಅವಿಶ್ವಾಸವಾಗಿತ್ತು. ಸೆಪ್ಟೆಂಬರ್ 3ಕ್ಕೆ ಸದನ ಸೇರಿ 4ರಂದು ಸರ್ಕಾರ ಬಿದ್ದಿತೆನ್ನಿ. ಬೇರೆ ಸರ್ಕಾರ ಕಟ್ಟಲು 14 ದಿನ, ಅಲ್ಲಿಗೆ 18. ಆಗಲೂ ಯಾರಿಗೂ ಬಹುಮತ ಇಲ್ಲದಿದ್ದರೆ ಸಂಸತ್ ವಿಸರ್ಜನೆ. ವಿಸರ್ಜನೆಯಿಂದ ಮತದಾನಕ್ಕೆ 25 ಕೆಲಸದ ದಿನ. ತೀರಾ ಬೇಗ ಎಂದರೂ ಅಕ್ಟೋಬರ್ 24ರ ಗುರುವಾರ. ಆದರೆ ಮತದಾನದ ದಿನವನ್ನು ರಾಣಿಗೆ ಶಿಫಾರಸು ಮಾಡಬೇಕಿದ್ದವರು ಪ್ರಧಾನಿಯೇ. ನವೆಂಬರ್ ಮೊದಲ ವಾರ ಎಂದರೆ, ಪ್ರಚಾರದ ಗದ್ದಲದ ನಡುವೆ ಅಕ್ಟೋಬರ್ 31ರ ರಾತ್ರಿ 11 ಗಂಟೆ ತಾನಾಗಿ ಕಳೆದುಹೋಗುತ್ತಿತ್ತು. ಅದನ್ನು ತಡೆಯಲು ಬೇರೆಯದೇ ಮಸೂದೆ ಬೇಕಿತ್ತು. ಹ್ಯಾಮಂಡ್, ಗಾಕ್ ಕೂತಿದ್ದ ಹಿಂದಿನ ಬೆಂಚಿನ ಮೇಲೆ ಎಲ್ಲರ ಕಣ್ಣಿದ್ದದ್ದು ಇದಕ್ಕೇ.

ನೀವು ಮಾಡಬೇಕಾದ್ದು ಸಣ್ಣದು. ಸರ್ಕಾರದ ಜಾಲತಾಣದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ವಿಳಾಸ, ಹುಟ್ಟಿದ ದಿನ ಕೊಟ್ಟು ಮತದಾರರ ಪಟ್ಟಿಗೆ ಸೇರಬೇಕು, ಐದು ನಿಮಿಷದ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ. ಬಾಡಿಗೆ ಮನೆ ಬದಲಿಸಿದ್ದರೆ ಹಳೆಯ ನೋಂದಣಿ ಹಿಂದೆ ಬರುವುದಿಲ್ಲ, ಹೊಸ ವಿಳಾಸಕ್ಕೆ ಮತ್ತೆ ಮಾಡಿಸಬೇಕು.